ಕೋಡಿಯಾಕ್ ದೊಡ್ಡದಾ, ಗ್ರಿಜ್ಲಿ ದೊಡ್ಡದಾ, ಹಿಮಕರಡಿ ದೊಡ್ಡದಾ? ತೂಕವನ್ನು ಸರಿಯಾಗಿ ಹೋಲಿಸೋದು ಹೇಗೆ?

ಚಾರಣಿಗ_ಹಾಸನ
ನಮ್ಮ ಚಾರಣ ಬಳಗದ ಪತ್ರಿಕೆಗೆ ಕರಡಿಗಳ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ಯಾವ ಊರಿನ ಕರಡಿ ಎಷ್ಟು ತೂಕ ಅಂತ ಒಂದು ಕೋಷ್ಟಕ ಹಾಕೋಣ ಎಂದು ಕೂತೆ. ತಲೆ ಕೆಟ್ಟುಹೋಯಿತು.

ಅಲಾಸ್ಕಾದ ಕೋಡಿಯಾಕ್ ದ್ವೀಪದ ಗಂಡು 680 ಕೆಜಿವರೆಗೂ ಬೆಳೆಯುತ್ತದಂತೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಗ್ರಿಜ್ಲಿ ಗಂಡು 90ರಿಂದ 320 ಕೆಜಿಯಂತೆ. ಎರಡೂ ಒಂದೇ ಜಾತಿ, ಕಂದು ಕರಡಿ! ಹಿಮಕರಡಿಗೆ ಬಂದರೆ, 1960ರಲ್ಲಿ ಅಲಾಸ್ಕಾದ ಕೋಟ್ಜೆಬೂ ಹತ್ತಿರ ಹೊಡೆದದ್ದು 1,002 ಕೆಜಿ ಇತ್ತು ಅಂತ ಎಲ್ಲರೂ ಬರೆಯುತ್ತಾರೆ. ಅದೇ ಲೇಖನದ ಕೆಳಗೆ ಸಾಮಾನ್ಯ ಗಂಡು 350ರಿಂದ 600 ಅಂತ ಇರುತ್ತದೆ. ಒಬ್ಬರು ಗರಿಷ್ಠ ಕೊಡುತ್ತಾರೆ, ಇನ್ನೊಬ್ಬರು ಸರಾಸರಿ, ಮತ್ತೊಬ್ಬರು "ಇಷ್ಟರಿಂದ ಇಷ್ಟು" ಅಂತಾರೆ. ಇದನ್ನೆಲ್ಲ ಒಂದೇ ಕೋಷ್ಟಕಕ್ಕೆ ತುರುಕಿದರೆ ಅದು ಕೋಷ್ಟಕವಾ? ಗೊತ್ತಿರುವವರು ದಾರಿ ತೋರಿಸಿ.

ದಾವಣಗೆರೆ_ಬೆಣ್ಣೆ
ಕೋಡಿಯಾಕ್‌ಗೂ ಹಿಮಕರಡಿಗೂ ಫೈಟ್ ಆದ್ರೆ ಯಾರು ಗೆಲ್ತಾರೆ? ಅದನ್ನ ಮೊದಲು ಹೇಳಿ ಗುರು.

ನಿರ್ವಾಹಕ
ಫೈಟ್ ಪ್ರಶ್ನೆಗೆ ಬೇರೆ ಥ್ರೆಡ್ ಇದೆ. ಅಲ್ಲಿ ಈಗಾಗಲೇ ಸಾಕಷ್ಟು ರಕ್ತ ಹರಿದಿದೆ. ಇಲ್ಲಿ ಬೇಡ.

ಪೋರ್ಟ್‌ಲ್ಯಾಂಡ್_ಪದ್ಮ
ಹಾಸನದ ಸರ್, ಯಾವುದೇ ತೂಕ ಕಣ್ಣಿಗೆ ಬಿದ್ದ ತಕ್ಷಣ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ತಿಂಗಳಲ್ಲಿ ತೂಗಿದ್ದು?

ಅಲಾಸ್ಕಾದ ಕಟ್ಮಾಯ್ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತ ಗೊತ್ತಲ್ಲ, ಹಾರುವ ಸಾಲ್ಮನ್ ಮೀನನ್ನು ಬಾಯಲ್ಲೇ ಹಿಡಿಯುವ ಕರಡಿಗಳ ಫೋಟೋ ಬರುತ್ತದಲ್ಲ, ಆ ಜಾಗ. ಅಲ್ಲಿನ ದೊಡ್ಡ ಗಂಡುಗಳು ಜುಲೈ ಹೊತ್ತಿಗೆ 270ರಿಂದ 410 ಕೆಜಿ ಇರುತ್ತವೆ. ಅಕ್ಟೋಬರ್‌ಗೆ ಅವುಗಳಲ್ಲೇ ಕೆಲವು 450 ಕೆಜಿ ದಾಟಿರುತ್ತವೆ. ಆಮೇಲೆ ಗುಹೆ ಸೇರಿ ಮಲಗುತ್ತವೆ. ತಿಂಗಳುಗಟ್ಟಲೆ ಊಟ ಇಲ್ಲ, ನೀರಿಲ್ಲ. ಏಳುವ ಹೊತ್ತಿಗೆ ಮೈತೂಕದಲ್ಲಿ 15ರಿಂದ 30 ಪರ್ಸೆಂಟ್ ಕರಗಿರುತ್ತದೆ. ಗುಹೆಯಲ್ಲೇ ಹೆತ್ತು ಹಾಲುಣಿಸಿದ ತಾಯಿಗೆ 40ರವರೆಗೂ ಹೋಗಬಹುದು.

ಅಂದರೆ ಒಂದು ಊರಿನ ಕರಡಿಯನ್ನು ಏಪ್ರಿಲ್‌ನಲ್ಲಿ, ಇನ್ನೊಂದು ಊರಿನದನ್ನು ಅಕ್ಟೋಬರ್‌ನಲ್ಲಿ ತೂಗಿ "ಎರಡನೆಯದು ದೊಡ್ಡ ತಳಿ" ಅಂದರೆ ನೀವು ಹೋಲಿಸಿದ್ದು ಕರಡಿಯನ್ನಲ್ಲ, ಕ್ಯಾಲೆಂಡರನ್ನು. ಇದು ನಿಜವಾಗಿಯೂ ಆಗುವ ಎಡವಟ್ಟು. ಸ್ವೀಡನ್‌ನಲ್ಲಿ ಸಂಶೋಧಕರು ಕರಡಿ ಹಿಡಿಯೋದು ಹೆಚ್ಚಾಗಿ ವಸಂತದಲ್ಲಿ, ಗುಹೆಯಿಂದ ಎದ್ದ ಮೇಲೆ. ಬೇಟೆಯಿಂದ ಸಿಗುವ ತೂಕಗಳು ಹೆಚ್ಚಾಗಿ ಶರತ್ಕಾಲದವು.

ಅಂಕಿಅಂಶ_ಅಣ್ಣ
ಪದ್ಮ ಮೇಡಂ ಹೇಳಿದ್ದು ಸರಿ. ಹಿಮಕರಡಿಯದು ಇನ್ನೂ ವಿಚಿತ್ರ. ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮ ದಡದಲ್ಲಿ ಬೇಸಿಗೆಗೆ ಮಂಜುಗಡ್ಡೆ ಪೂರ್ತಿ ಕರಗುತ್ತದೆ. ಕರಡಿಗಳು ದಡಕ್ಕೆ ಬಂದು ಸುಮ್ನೆ ಬಿದ್ದಿರುತ್ತವೆ. ಸೀಲ್ ಸಿಗಲ್ಲ, ದಿನಕ್ಕೆ ಹೆಚ್ಚು ಕಡಿಮೆ 1 ಕೆಜಿ ಇಳಿಯುತ್ತವೆ. ಅಲ್ಲಿ ಅವನ್ನು ಹಿಡಿದು ತೂಗೋದು ಇದೇ ಉಪವಾಸದ ದಿನಗಳಲ್ಲಿ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಹಿಡಿಯೋದು ವಸಂತದಲ್ಲಿ, ಮಂಜುಗಡ್ಡೆ ಮೇಲೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಏನು ಹೇಳ್ತೀರಿ?

ಆಗಸ್ಟ್ ಮೊದಲಿಗೆ ತೂಗಿದ್ದಕ್ಕೂ ಅಕ್ಟೋಬರ್ ಮೊದಲಿಗೆ ತೂಗಿದ್ದಕ್ಕೂ 60 ಕೆಜಿ ವ್ಯತ್ಯಾಸ. ಅದೂ ಒಂದೇ ಕರಡಿಯಲ್ಲಿ. ಅದಕ್ಕೆ ಬುದ್ಧಿ ಇರೋ ಸಂಶೋಧಕರು ಎಲ್ಲ ತೂಕವನ್ನೂ ಒಂದೇ ದಿನಾಂಕಕ್ಕೆ ತಂದು ಹೊಂದಿಸಿ ಆಮೇಲೆ ಹೋಲಿಸುತ್ತಾರೆ.

ಬಳ್ಳಾರಿ_ಬಿಸಿಲು
ನಮ್ಮ ಕಡೆ ಕುರಿ ಸಂತೆಗೆ ಬನ್ನಿ. ಮಾರೋನು ಬೆಳಿಗ್ಗೆ ಹೊಟ್ಟೆ ತುಂಬ ಮೇಯಿಸಿ ನೀರು ಕುಡಿಸಿ ತಂದಿರ್ತಾನೆ. ಕೊಳ್ಳೋನು ಹೊಟ್ಟೆ ಕಡೆ ನೋಡೋದೇ ಇಲ್ಲ. ಬೆನ್ನ ಮೇಲೆ ಕೈ ಇಟ್ಟು ಸೊಂಟದ ಮೂಳೆ ಎರಡೂ ಕಡೆ ಬೆರಳಲ್ಲಿ ಒತ್ತಿ ನೋಡ್ತಾನೆ. ಕರಡಿಗೂ ಅದನ್ನೇ ಮಾಡಬೇಕು. ಯಾರು ಕೈ ಇಡ್ತೀರಿ ಹೇಳಿ 😀

ಪೋರ್ಟ್‌ಲ್ಯಾಂಡ್_ಪದ್ಮ
ಬಳ್ಳಾರಿ ಅಣ್ಣ, ಹೆಚ್ಚು ಕಡಿಮೆ ಅದನ್ನೇ ಮಾಡ್ತಾರೆ!

ಓದುವಾಗ ಒಮ್ಮೆ ಹತ್ತಿರದಿಂದ ನೋಡಿದ್ದೆ. ಮತ್ತಿನ ಸೂಜಿ ಹೊಡೆದು ಕರಡಿ ಮಲಗಿದ ಮೇಲೆ ಮೊದಲು ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಾರೆ, ರೆಪ್ಪೆ ಮುಚ್ಚಿಕೊಳ್ಳಲ್ಲ ಅಂತ. ಮುಂಗಾಲಿನ ಹಿಂದೆ ಎದೆ ಸುತ್ತ ಟೇಪು. ಆ ಟೇಪನ್ನು ಹೊಟ್ಟೆಯಡಿ ತೂರಿಸೋಕೆ ಇಬ್ಬರು ಮೈಯೆತ್ತಬೇಕು. ಮೂಗಿನ ತುದಿಯಿಂದ ಬಾಲದವರೆಗೆ ಉದ್ದ. ಕೆನ್ನೆಮೂಳೆಗಳ ಅಗಲಕ್ಕೆ ದೊಡ್ಡ ಕ್ಯಾಲಿಪರ್. ಕೋರೆಹಲ್ಲಿನ ಹಿಂದೆ ಒಂದು ಪುಟ್ಟ, ಅಷ್ಟೇನೂ ಉಪಯೋಗ ಇಲ್ಲದ ಹಲ್ಲು ಇರುತ್ತದೆ, ಅದನ್ನು ಕೀಳುತ್ತಾರೆ. ಲ್ಯಾಬ್‌ನಲ್ಲಿ ಅದನ್ನು ತೆಳ್ಳಗೆ ಸೀಳಿ ಬೇರಿನ ಪದರಗಳ ಗೆರೆ ಎಣಿಸಿದರೆ ವಯಸ್ಸು ಸಿಗುತ್ತದೆ. ಕೊನೆಗೆ ಬಲೆಯಲ್ಲಿ ಹಾಕಿ ಮೂರು ಕಾಲಿನ ಕಂಬಕ್ಕೆ ತೂಗುಹಾಕಿ ತೂಕ.

ಮಜಾ ಏನೆಂದರೆ, ಮೈ ಉದ್ದ ಅಳೆಯುವಾಗ ಇಬ್ಬರು ಅಳೆದರೆ ಎರಡು ಉತ್ತರ. ಕತ್ತು ಸ್ವಲ್ಪ ಬಾಗಿದ್ದರೆ ಆಯಿತು. ಕೆಲವರು ಬೆನ್ನಿನ ಉಬ್ಬುತಗ್ಗಿನ ಮೇಲೆ ಟೇಪು ಎಳೆಯುತ್ತಾರೆ, ಕೆಲವರು ನೇರ ಅಳೆಯುತ್ತಾರೆ. ತಲೆಬುರುಡೆಯ ಅಗಲ ಮಾತ್ರ ಯಾರು ಅಳೆದರೂ ಹೆಚ್ಚು ಕಡಿಮೆ ಅಷ್ಟೇ. ಮೂಳೆ ಅಕ್ಟೋಬರ್‌ನಲ್ಲಿ ಊದಲ್ಲ, ಏಪ್ರಿಲ್‌ನಲ್ಲಿ ಸೊರಗಲ್ಲ. ಹಾಗಾಗಿ ನನ್ನ ಓಟು ಮೂಳೆಗೆ.

ಕರಾವಳಿ_ಕಾಗೆ
ಮೂಳೆ ಅಳೆದು ಎಂತ ಮಾಡ್ತೀರಿ ಮಾರಾಯ್ರೆ? ಕರಡಿ ಅಂದ್ರೇ ಕೊಬ್ಬು. ಚಳಿಗಾಲ ದಾಟೋದು ಕೊಬ್ಬಿನಿಂದ, ಗುಹೆಯಲ್ಲಿ ಮರಿಗೆ ಹಾಲು ಬರೋದು ಕೊಬ್ಬಿನಿಂದ. ದೇಹ ದೊಡ್ಡದು ಅಂತ ನಾವು ಹೇಳೋದೇ ಅದು ಬದುಕೋಕೆ ಎಷ್ಟು ಕೂಡಿಟ್ಟಿದೆ ಅಂತ ತಿಳಿಯೋಕೆ ಅಲ್ವಾ? ಅದನ್ನ ಕಳೆದು ಬುರುಡೆ ಅಳೆದರೆ ನಿಮಗೆ ಸಿಗೋದು ಬರೀ ಬುರುಡೆ.

ಪೋರ್ಟ್‌ಲ್ಯಾಂಡ್_ಪದ್ಮ
ಒಪ್ತೀನಿ, ಆದರೆ ಅದು ಬೇರೆ ಪ್ರಶ್ನೆ. "ಈ ವರ್ಷ ಈ ಕರಡಿ ಎಷ್ಟು ಚೆನ್ನಾಗಿ ತಿಂದಿದೆ" ಅನ್ನೋದಕ್ಕೆ ತೂಕ. "ಈ ಕರಡಿ ಎಷ್ಟು ದೊಡ್ಡದಾಗಿ ಬೆಳೆದಿದೆ" ಅನ್ನೋದಕ್ಕೆ ಮೂಳೆ. ಎರಡನ್ನೂ ಕಲಸಿ ಒಂದೇ ಸಂಖ್ಯೆ ಮಾಡಿದಾಗಲೇ ಗಲಾಟೆ.

ಅಂಕಿಅಂಶ_ಅಣ್ಣ
ಸರಾಸರಿ ಬಗ್ಗೆ ಯಾರೂ ಮಾತಾಡಿಲ್ಲ. ಅಲ್ಲಿ ಇನ್ನೂ ದೊಡ್ಡ ಹೊಂಡ ಇದೆ.

ಸುಮ್ನೆ ಲೆಕ್ಕಕ್ಕೆ ಎರಡು ಕಾಡು ಅಂದುಕೊಳ್ಳಿ. ಮೊದಲ ಕಾಡಿನಲ್ಲಿ 10 ಕರಡಿ ತೂಗಿದರು: 6 ಗಂಡು, ತಲಾ 300 ಕೆಜಿ, 4 ಹೆಣ್ಣು, ತಲಾ 180. ಸರಾಸರಿ 252. ಎರಡನೇ ಕಾಡಿನಲ್ಲೂ 10 ತೂಗಿದರು: 3 ಗಂಡು, ತಲಾ 310, 7 ಹೆಣ್ಣು, ತಲಾ 190. ಸರಾಸರಿ 226.

ಎರಡನೇ ಕಾಡಿನ ಗಂಡೂ ದೊಡ್ಡದು, ಹೆಣ್ಣೂ ದೊಡ್ಡದು. ಆದರೂ ಸರಾಸರಿಯಲ್ಲಿ ಮೊದಲ ಕಾಡು 26 ಕೆಜಿ ಮುಂದೆ! ಯಾಕೆಂದರೆ ಅಲ್ಲಿ ಗಂಡು ಜಾಸ್ತಿ ಸಿಕ್ಕವು, ಅಷ್ಟೇ. ಗಂಡು ಹೆಣ್ಣು ಬೇರೆ ಬೇರೆ ಮಾಡದ ಯಾವ ಸರಾಸರಿಯನ್ನೂ ನಿಮ್ಮ ಕೋಷ್ಟಕಕ್ಕೆ ಸೇರಿಸಬೇಡಿ.

ವಯಸ್ಸಿನದೂ ಇದೇ ಕಥೆ. ಹೆಣ್ಣು ಕಂದು ಕರಡಿ 5-6 ವರ್ಷಕ್ಕೆ ಹೆಚ್ಚು ಕಡಿಮೆ ಪೂರ್ತಿ ಬೆಳೆದಿರುತ್ತದೆ. ಗಂಡು ಅದಾದ ಮೇಲೂ ವರ್ಷಗಟ್ಟಲೆ ಮೈ ಕಟ್ಟುತ್ತಲೇ ಇರುತ್ತದೆ. ಬೇಟೆ ಜೋರಾಗಿರುವ ಕಡೆ ಗಂಡುಗಳು ಆ ವಯಸ್ಸು ಮುಟ್ಟೋದೇ ಕಷ್ಟ. ಅಲ್ಲಿ ಸಿಗುವ ಗಂಡುಗಳು ಹುಡುಗರು. "ಇಲ್ಲಿನ ಕರಡಿ ಸಣ್ಣದು" ಅಂತ ಬರೆದುಬಿಡ್ತಾರೆ. ಅದು ಸಣ್ಣದಲ್ಲ, ಚಿಕ್ಕ ವಯಸ್ಸಿನದು. ಇದಕ್ಕೆ ಮದ್ದು ಅಂದರೆ ವಯಸ್ಸಿಗೆ ಎದುರಾಗಿ ಅಳತೆ ಗುರುತಿಸಿ ಬೆಳವಣಿಗೆಯ ಗೆರೆ ಎಳೆಯೋದು. ಆ ಗೆರೆ ಎಲ್ಲಿ ಚಪ್ಪಟೆ ಆಗುತ್ತದೆಯೋ ಆ ಎತ್ತರವನ್ನು ಹೋಲಿಸೋದು. ಫಾನ್ ಬರ್ಟಲಾನ್ಫಿ ಸಮೀಕರಣ ಅಂತ ಹುಡುಕಿದರೆ ಸಿಗುತ್ತದೆ.

ನಿವೃತ್ತ_ಮೇಷ್ಟ್ರು
ಇಷ್ಟೆಲ್ಲ ಯಾಕಪ್ಪ? ಜೀವಶಾಸ್ತ್ರದಲ್ಲಿ ಬರ್ಗ್‌ಮನ್ ನಿಯಮ ಅಂತ ಇದೆ, 1847ರದ್ದು. ಚಳಿ ಜಾಸ್ತಿ ಇರುವ ಕಡೆ ಪ್ರಾಣಿ ದೊಡ್ಡದು. ದೊಡ್ಡ ಮೈಗೆ ಶಾಖ ನಷ್ಟ ಕಡಿಮೆ. ಉತ್ತರಕ್ಕೆ ಹೋದಷ್ಟೂ ಕರಡಿ ದೊಡ್ಡದು. ಹಿಮಕರಡಿ ಅತಿ ಉತ್ತರ, ಅತಿ ದೊಡ್ಡದು. ನಮ್ಮ ದರೋಜಿ ಕರಡಿ ಬಿಸಿಲಿನದು, ಸಣ್ಣದು. ಮುಗೀತು.

ಶಿರಸಿ_ಮಳೆ
ಮೇಷ್ಟ್ರೇ, ಮುಗಿಯಲಿಲ್ಲ. ಕೋಡಿಯಾಕ್ ಇರೋದು ಸುಮಾರು 57 ಡಿಗ್ರಿ ಉತ್ತರದಲ್ಲಿ. ಅಲಾಸ್ಕಾದ ತುತ್ತತುದಿಯ ಬ್ರೂಕ್ಸ್ ಪರ್ವತ ಸಾಲು 68 ಡಿಗ್ರಿ ಆಸುಪಾಸು. ನಿಮ್ಮ ನಿಯಮದ ಪ್ರಕಾರ ಅಲ್ಲಿನ ಕಂದು ಕರಡಿ ಕೋಡಿಯಾಕ್‌ಗಿಂತ ದೊಡ್ಡದಿರಬೇಕು. ನಿಜದಲ್ಲಿ ಉಲ್ಟಾ, ತುಂಬಾ ಸಣ್ಣದು. ಕಾರಣ ಮೀನು. ಕರಾವಳಿಯಲ್ಲಿ ಸಾಲ್ಮನ್ ನದಿ ಹತ್ತಿ ಬರುತ್ತದೆ, ಒಳನಾಡಿನ ಬೆಟ್ಟದಲ್ಲಿ ಬೇರು, ಹುಲ್ಲು, ಹಣ್ಣು, ಆಗೊಮ್ಮೆ ಈಗೊಮ್ಮೆ ಮಾಂಸ.

ಉತ್ತರ ಅಮೆರಿಕದ ಬೇರೆ ಬೇರೆ ಕಡೆಯ ಕಂದು ಕರಡಿಗಳ ಕೂದಲು, ಮೂಳೆ ತೆಗೆದು ಅದರ ಸಾರಜನಕದ ಐಸೋಟೋಪ್ ನೋಡಿದ ಅಧ್ಯಯನ 1999ರಲ್ಲಿ ಬಂತು. ಸಮುದ್ರದ ಆಹಾರ ತಿಂದಿದ್ದರೆ ಅದರ ಗುರುತು ಮೈಯಲ್ಲಿ ಉಳಿಯುತ್ತದೆ. ಮಾಂಸ, ಅದರಲ್ಲೂ ಸಾಲ್ಮನ್ ಜಾಸ್ತಿ ತಿನ್ನುವ ಕಡೆ ಹೆಣ್ಣುಗಳ ತೂಕ ಜಾಸ್ತಿ, ಮರಿ ಜಾಸ್ತಿ, ಒಂದೇ ಜಾಗದಲ್ಲಿ ಇರುವ ಕರಡಿಗಳೂ ಜಾಸ್ತಿ. ಚಳಿಗಿಂತ ಊಟ ದೊಡ್ಡದು.

ನಿವೃತ್ತ_ಮೇಷ್ಟ್ರು
ನಿಯಮಕ್ಕೆ ಅಪವಾದ ಇದ್ದೇ ಇರುತ್ತದೆ. ಒಂದು ದ್ವೀಪ ತೋರಿಸಿ ನಿಯಮವನ್ನೇ ಬಿಸಾಡಬೇಡಿ. ಆ ದ್ವೀಪದ ಕರಡಿಗಳು ಸುಮಾರು 12,000 ವರ್ಷದಿಂದ ಬೇರೆಯವುಗಳ ಜೊತೆ ಸೇರಿಲ್ಲ. ತಳಿಯಲ್ಲೇ ದೊಡ್ಡದಾಗಿರಬಹುದಲ್ಲ?

ಶಿರಸಿ_ಮಳೆ
ಇರಬಹುದು. ಅದನ್ನು ತೂಕದ ಪಟ್ಟಿ ನೋಡಿ ಹೇಳೋಕೆ ಆಗಲ್ಲ ಅನ್ನೋದೇ ನನ್ನ ಮಾತು. ಎರಡೂ ಕಡೆಯ ಮರಿಗಳನ್ನು ಒಂದೇ ಕಡೆ, ಒಂದೇ ಊಟ ಕೊಟ್ಟು ಹತ್ತು ವರ್ಷ ಸಾಕಿ ನೋಡಬೇಕು. ಕಟ್ಮಾಯ್ ಕೋಡಿಯಾಕ್‌ನ ಎದುರು ದಡದಲ್ಲೇ ಇದೆ, ಮುಖ್ಯಭೂಮಿಯ ಕರಡಿ, ಆದರೂ ಮೀನು ತಿಂದು ಗುಡ್ಡದ ಹಾಗೆ ಬೆಳೆದಿವೆ. ಅದಕ್ಕೇನಂತೀರಿ?

ಇನ್ನೊಂದು ಸ್ವಾರಸ್ಯ. ಬಿಸಿ ಜಾಸ್ತಿಯಾದ ವರ್ಷಗಳಲ್ಲಿ ಕೋಡಿಯಾಕ್‌ನ ಎಲ್ಡರ್‌ಬೆರಿ ಹಣ್ಣು ಬೇಗ ಮಾಗಿ, ಮೀನು ಬರುವ ಹೊತ್ತಿಗೇ ಸಿಗುತ್ತದೆ. ಆಗ ಕರಡಿಗಳು ಮೀನು ಬಿಟ್ಟು ಹಣ್ಣಿಗೆ ಹೋಗುತ್ತವೆ! ತೂಗಿದ್ದು ಯಾವ ವರ್ಷ ಅನ್ನೋದೂ ಮುಖ್ಯ ಅಂತ ಹೇಳೋಕೆ ಹೇಳಿದೆ.

ದಾವಣಗೆರೆ_ಬೆಣ್ಣೆ
ಮೀನು ಬಿಟ್ಟು ಹಣ್ಣು? ಶ್ರಾವಣ ಮಾಸ ಇರಬೇಕು 😂

ಕರಾವಳಿ_ಕಾಗೆ
ಮೀನು ಬಿಟ್ಟು ಹಣ್ಣು ತಿನ್ನೋ ಕರಡಿಗೆ ನಮ್ಮೂರಲ್ಲಿ ಜಾಗ ಇಲ್ಲ.

ಬೇಟೆಕಥೆ_ಬಸಣ್ಣ
ಹಳೇ ಇಮೇಲ್ ಕಾಲದಲ್ಲಿ ಒಂದು ಫಾರ್ವರ್ಡ್ ಬರ್ತಿತ್ತು, ನೆನಪಿದೆಯಾ? ಸತ್ತ ಕರಡಿಯ ಪಂಜ ಹಿಡಿದು ಬೇಟೆಗಾರ ಕೂತಿರೋ ಫೋಟೋ. 1,600 ಪೌಂಡ್, 12 ಅಡಿಗಿಂತ ಎತ್ತರ, ನರಭಕ್ಷಕ ಅಂತೆಲ್ಲ ಬರೆದಿದ್ದರು. ಅದು 2001ರಲ್ಲಿ ಅಲಾಸ್ಕಾದ ಹಿಂಚಿನ್‌ಬ್ರೂಕ್ ದ್ವೀಪದಲ್ಲಿ ಹೊಡೆದ ಕರಡಿ. ದೊಡ್ಡದೇ, ಸುಳ್ಳಲ್ಲ. ಆದರೆ ಉದ್ದ ಹತ್ತೂವರೆ ಅಡಿ, ತೂಕ 1,000ದಿಂದ 1,200 ಪೌಂಡ್ ಅಂತ ಅಂದಾಜು. ಅಂದಾಜು! ತಕ್ಕಡಿಗೆ ಹಾಕಿದ್ದೇ ಅಲ್ಲ. ನರಭಕ್ಷಕ ಅನ್ನೋದು ಸೇರಿಸಿದ ಮಸಾಲೆ. ಫೋಟೋದಲ್ಲಿ ಕರಡಿ ಮುಂದೆ, ಮನುಷ್ಯ ಹಿಂದೆ.

ಬೇಟೆಗಾರರು "ಹತ್ತಡಿ ಕರಡಿ" ಅಂತಾರಲ್ಲ, ಅದು ಹೆಚ್ಚಾಗಿ ಸುಲಿದ ಚರ್ಮದ ಅಳತೆ. ಉದ್ದ, ಅಗಲ ಕೂಡಿಸಿ ಎರಡರಿಂದ ಭಾಗಿಸೋದು. ಹಸಿ ಚರ್ಮ ಎಳೆದಷ್ಟೂ ಬರುತ್ತದೆ.

ಅಂಕಿಅಂಶ_ಅಣ್ಣ
ಅದಕ್ಕೇ ಬೇಟೆಯ ದಾಖಲೆ ಇಡುವ ಅಮೆರಿಕದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ತೂಕವನ್ನೂ ನಂಬಲ್ಲ, ಚರ್ಮವನ್ನೂ ನಂಬಲ್ಲ. ಥಿಯೋಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ್ದು. ಬುರುಡೆಯನ್ನು 60 ದಿನ ಒಣಗಿಸಿ ಉದ್ದ, ಅಗಲ ಅಳೆದು ಕೂಡಿಸುತ್ತಾರೆ. ಕಂದು ಕರಡಿಯ ದಾಖಲೆ ಕೋಡಿಯಾಕ್‌ನದು, 1952ರದ್ದು, 30 ಮುಕ್ಕಾಲು ಇಂಚು. ಹಿಮಕರಡಿಯ ದಾಖಲೆ 30ಕ್ಕೆ ಕೂದಲೆಳೆಯಷ್ಟು ಕಮ್ಮಿ.

ಕರಾವಳಿ_ಕಾಗೆ
ನೋಡಿ, ನನ್ನ ಮಾತಿಗೇ ಬಂದ್ರಿ. ಹಿಮಕರಡಿಯ ತಲೆ ಸಪೂರ, ಕಂದು ಕರಡಿಯದು ಅಗಲ. ಬುರುಡೆ ಲೆಕ್ಕ ಹಿಡಿದರೆ ಕೋಡಿಯಾಕ್ ಗೆಲ್ಲುತ್ತದೆ, ತೂಕದ ಕಥೆ ನಂಬಿದರೆ ಹಿಮಕರಡಿ. ಅಳತೆಗೋಲು ಆರಿಸೋವಾಗಲೇ ಗೆಲ್ಲೋದು ಯಾರು ಅಂತ ಆರಿಸಿ ಆಯ್ತಲ್ಲ?

ಪೋರ್ಟ್‌ಲ್ಯಾಂಡ್_ಪದ್ಮ
ಈ ಮಾತು ಒಪ್ಪಲೇಬೇಕು. ಕಂದು ಕರಡಿಗೂ ಕಂದು ಕರಡಿಗೂ ಬುರುಡೆ ಓಕೆ. ಜಾತಿ ದಾಟಿದರೆ ಅದು ಆಕಾರದ ಹೋಲಿಕೆ ಆಗಿಬಿಡುತ್ತದೆ.

ದಾಖಲೆಗಳ ಬಗ್ಗೆ ಇನ್ನೊಂದು. ಕೋಡಿಯಾಕ್‌ನಲ್ಲಿ ಸುಮಾರು 3,500 ಕರಡಿ ಇವೆ, ದಶಕಗಳಿಂದ ಬೇಟೆಯಾದ ಬುರುಡೆಗಳ ಅಳತೆ ಇದೆ. ಮಂಗೋಲಿಯಾದ ಗೋಬಿ ಕರಡಿ 50ಕ್ಕಿಂತ ಕಡಿಮೆ ಉಳಿದಿವೆ, ಅಳೆದದ್ದು ಬೆರಳೆಣಿಕೆ. ಸಾವಿರ ಅಳೆದ ಕಡೆ ಒಂದು ದೈತ್ಯ ಸಿಕ್ಕೇ ಸಿಗುತ್ತದೆ. ಅದಕ್ಕೆ ಗರಿಷ್ಠಕ್ಕೂ ಗರಿಷ್ಠಕ್ಕೂ ಹೋಲಿಸೋದು ದಂಡ. ಅದರ ಮೇಲೆ ಬೇಟೆಗಾರ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಹೊಡೆಯಲ್ಲ, ದೊಡ್ಡದನ್ನೇ ಹುಡುಕುತ್ತಾನೆ. ಅಲಾಸ್ಕಾದಲ್ಲಿ ಮರಿ ಜೊತೆಗಿರುವ ಹೆಣ್ಣನ್ನು ಹೊಡೆಯುವ ಹಾಗೇ ಇಲ್ಲ. ಆ ಲೆಕ್ಕ ಕಾಡಿನ ಲೆಕ್ಕ ಅಲ್ಲ.

ಜಪಾನ್_ಜಯಂತ
ಹೆಜ್ಜೆ ಗುರುತು ನೋಡಿ ಗಾತ್ರ ಹೇಳೋರೂ ಇದ್ದಾರೆ. ಇಲ್ಲಿ ಹೊಕ್ಕೈಡೋದಲ್ಲಿ 2019ರಿಂದ ಒಂದು ಕಂದು ಕರಡಿ 66 ದನಗಳ ಮೇಲೆ ಬಿದ್ದಿತ್ತು. ಹೆಜ್ಜೆ 18 ಸೆಂಟಿಮೀಟರ್ ಅಗಲ ಅಂತ ಓಸೋ18 ಎಂದೇ ಹೆಸರಿಟ್ಟರು. ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ, ಹಾಗಾಗಿ ದೈತ್ಯ ಅಂತ ಸುದ್ದಿ. 2023ರಲ್ಲಿ ಹೊಡೆದಾಗ ನೋಡಿದರೆ ಸುಮಾರು 330 ಕೆಜಿ. ದೊಡ್ಡ ಗಂಡು ಹೌದು, ದೆವ್ವ ಅಲ್ಲ. ಹೊಡೆದವರಿಗೆ ಅದೇ ಓಸೋ18 ಅಂತ ಗೊತ್ತೇ ಇರಲಿಲ್ಲ, ಮಾಂಸ ಟೋಕಿಯೋ ಹೋಟೆಲಿಗೆ ಹೋಗಿ ಆಗಿತ್ತು!

ದಾವಣಗೆರೆ_ಬೆಣ್ಣೆ
ಅಯ್ಯೋ ಶಿವನೇ.

ಶಿರಸಿ_ಮಳೆ
ಮನುಷ್ಯರ ಊಟ ತಿಂದ ಕರಡಿಯನ್ನೂ ಬೇರೆ ಇಡಿ. ಅಮೆರಿಕದ ಕಪ್ಪು ಕರಡಿಯ ದೊಡ್ಡ ದಾಖಲೆಗಳಲ್ಲಿ ಒಂದು ನಾರ್ತ್ ಕೆರೋಲಿನಾದ ಕ್ರೇವನ್ ಕೌಂಟಿಯದು, 1998ರಲ್ಲಿ, 880 ಪೌಂಡ್, ಅಂದರೆ ಸುಮಾರು 400 ಕೆಜಿ. ಚಳಿ ದೇಶವೇನಲ್ಲ. ಸುತ್ತ ಜೋಳ, ಸೋಯಾ, ಶೇಂಗಾ ಹೊಲ.

ಯೆಲ್ಲೋಸ್ಟೋನ್‌ನಲ್ಲೂ ಮೊದಲು ಕರಡಿಗಳು ಉದ್ಯಾನದ ಕಸದ ಗುಂಡಿಗಳಲ್ಲಿ ಮೇಯುತ್ತಿದ್ದವು. ಕ್ರೇಗ್‌ಹೆಡ್ ಅಂತ ಅವಳಿ ಸಹೋದರರು, ಕರಡಿ ಸಂಶೋಧಕರು, 1959ರಿಂದ ಅವನ್ನು ಹಿಡಿದು ತೂಗಿದರು. 1970ರ ಸುಮಾರಿಗೆ ಗುಂಡಿಗಳನ್ನು ಮುಚ್ಚಿದರು. ಅದಕ್ಕೂ ಮೊದಲಿನ ತೂಕ, ಆಮೇಲಿನ ತೂಕ, ಎರಡನ್ನೂ "ಯೆಲ್ಲೋಸ್ಟೋನ್ ಗ್ರಿಜ್ಲಿ" ಅಂತ ಒಂದೇ ಸಾಲಿಗೆ ಹಾಕಿದರೆ ತಪ್ಪಾಗುತ್ತದೆ.

ಬಳ್ಳಾರಿ_ಬಿಸಿಲು
ಹಂಗಾದ್ರೆ ನಮ್ಮ ದರೋಜಿ ಕರಡಿನೂ ಬೇರೆ ಇಡಬೇಕಲ್ಲ? 1994ರಲ್ಲಿ ಧಾಮ ಆದದ್ದು. ಮಧ್ಯಾಹ್ನ ಸಿಬ್ಬಂದಿ ಹೋಗಿ ಕರಡಿಕಲ್ಲು ಗುಡ್ಡದ ಬಂಡೆಗೆ ಬೆಲ್ಲ, ಜೇನು ಸವರಿ ಬರ್ತಾರೆ. ನಾವು ವೀಕ್ಷಣಾ ಗೋಪುರದಲ್ಲಿ ಕೂತು ನೋಡೋದು. ಬಿಸಿಲು ಇಳಿಯೋ ಹೊತ್ತಿಗೆ ಬಂಡೆ ಸಂದಿಯಿಂದ ಒಂದೊಂದೇ ಇಳೀತಾವೆ. ಬೆನ್ನ ಮೇಲೆ ಮರಿ ಹೊತ್ತ ತಾಯಿ ಕಂಡರೆ ಆ ದಿನ ಲಾಟ್ರಿ. ನಾಲಿಗೆ ಚಾಚಿ ಬಂಡೆ ನೆಕ್ಕೋದು ಬರಿಗಣ್ಣಿಗೂ ಕಾಣುತ್ತೆ. ಎದುರಿಗೆ ಇನ್ನೊಂದು ಬಂದರೆ ಗುರ್ ಅಂತ ಎದ್ದು ನಿಲ್ತಾವೆ, ಆಗ ನೋಡಬೇಕು ಗಾತ್ರ!

ಪೋರ್ಟ್‌ಲ್ಯಾಂಡ್_ಪದ್ಮ
ಎದ್ದು ನಿಂತ ಕರಡಿಯ ಗಾತ್ರವನ್ನು ಯಾವತ್ತೂ ನಂಬಬೇಡಿ ಅಣ್ಣ, ಆ ಜೂಲು ಕೂದಲು ಅರ್ಧ ಮೋಸ 😀

ಗಂಭೀರವಾಗಿ ಹೇಳೋದಾದರೆ, ನಮ್ಮ ಕರಡಿ ಗಂಡು 80ರಿಂದ 145 ಕೆಜಿ, ಹೆಣ್ಣು 55ರಿಂದ 95 ಅಂತ ಪುಸ್ತಕಗಳಲ್ಲಿ ಇದೆ. ಇದು ಚಳಿನಿದ್ದೆ ಮಾಡಲ್ಲ, ಹಾಗಾಗಿ ಅಲಾಸ್ಕಾದ ಹಾಗೆ ಭಾರೀ ಏರಿಳಿತ ಇಲ್ಲ. ಗೆದ್ದಲು, ಇರುವೆ, ಹಣ್ಣು, ಜೇನು ಇದರ ಊಟ. ಆದರೆ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರದ ತೂಕ ತಂದು "ಕರ್ನಾಟಕದ ಕರಡಿ" ಅಂತ ಹಾಕಬೇಡಿ. ಕುಣಿಸೋ ಕರಡಿಗಳಾಗಿ ಬೆಳೆದವು ಅಲ್ಲಿ ಇದ್ದಾವೆ. ಮರಿಯಿದ್ದಾಗಲೇ ತಾಯಿಯಿಂದ ಕಿತ್ತು, ಹಲ್ಲು ಮುರಿದು, ಸರಿಯಾಗಿ ಊಟ ಹಾಕದೆ ಬೆಳೆಸಿದವು. ಈಗ ದಿನಾ ಹೊತ್ತಿಗೆ ಸರಿಯಾಗಿ ಗಂಜಿ, ಹಣ್ಣು. ಮೂಳೆಯ ಲೆಕ್ಕವೂ ಕಾಡಿನದಲ್ಲ, ಕೊಬ್ಬಿನ ಲೆಕ್ಕವೂ ಕಾಡಿನದಲ್ಲ.

ನಿವೃತ್ತ_ಮೇಷ್ಟ್ರು
ಶ್ರೀಲಂಕಾದ ಕರಡಿ ನಮ್ಮದಕ್ಕಿಂತ ಸಣ್ಣದು, ಕೂದಲೂ ಮೋಟು. ನೇಪಾಳದ ತರಾಯಿಯ ಕರಡಿ ದಕ್ಷಿಣದವಕ್ಕಿಂತ ದೊಡ್ಡದು ಅಂತ ಅಳೆದು ತೋರಿಸಿದರೆ ನನ್ನ ಬರ್ಗ್‌ಮನ್ ಬದುಕಿದ.

ಶಿರಸಿ_ಮಳೆ
ಅಳೆಯೋಣ ಮೇಷ್ಟ್ರೇ. ಗಂಡಿಗೆ ಗಂಡು, ಒಂದೇ ವಯಸ್ಸು, ಒಂದೇ ತಿಂಗಳು, ಬೆಲ್ಲ ತಿನ್ನದ್ದು. ನೀವು ಟೇಪು ಹಿಡೀರಿ.

ಚಾರಣಿಗ_ಹಾಸನ
ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಮಾಡ್ತೀನಿ. ಜಾತಿಗೊಂದು ಕೋಷ್ಟಕ, ಕಂದು ಕರಡಿ, ಹಿಮಕರಡಿ ಬೆರೆಸಲ್ಲ. ಗಂಡು ಹೆಣ್ಣು ಬೇರೆ ಸಾಲು, ಪೂರ್ತಿ ಬೆಳೆದವು ಮಾತ್ರ. ಪ್ರತಿ ತೂಕದ ಪಕ್ಕ ತಿಂಗಳು, ಎಷ್ಟು ಕರಡಿ ತೂಗಿದ್ದು, ತಕ್ಕಡಿಯಾ ಅಂದಾಜಾ ಅಂತ. ತಿಂಗಳು ಗೊತ್ತಿಲ್ಲದಿದ್ದರೆ ಆ ಮನೆ ಖಾಲಿ ಬಿಡ್ತೀನಿ. ಅರ್ಧ ಕೋಷ್ಟಕ ಖಾಲಿ ಇರುತ್ತೆ ಅನ್ನಿಸುತ್ತೆ, ಸಂಪಾದಕರು ಬೈತಾರೆ. 1,002 ಕೆಜಿ ಕೋಷ್ಟಕದಿಂದ ಹೊರಗೆ.

ಕರಾವಳಿ_ಕಾಗೆ
ಕೊಬ್ಬಿಗೂ ಒಂದು ಸಾಲು ಕೊಡಿ ಮಾರಾಯ್ರೆ. ಮಲಗೋ ಮುಂಚೆ ಎಷ್ಟು, ಎದ್ದ ಮೇಲೆ ಎಷ್ಟು. ಜನ ಓದೋದು ಅದನ್ನೇ.

ಚಾರಣಿಗ_ಹಾಸನ
ಕೊಡ್ತೀನಿ. ಕಟ್ಮಾಯ್‌ನ 747ನೇ ನಂಬರಿನ ಕರಡಿ 2020ರಲ್ಲಿ ಫ್ಯಾಟ್ ಬೇರ್ ವೀಕ್ (ಅತಿ ದಪ್ಪ ಕರಡಿಯನ್ನು ಓಟಿನಿಂದ ಆರಿಸೋ ಸ್ಪರ್ಧೆ) ಗೆದ್ದಾಗ 635 ಕೆಜಿ ಅಂತ ಇದೆಯಲ್ಲ, ಅದನ್ನ ತೂಗಿದ್ದಾ?

ಪೋರ್ಟ್‌ಲ್ಯಾಂಡ್_ಪದ್ಮ
ಇಲ್ಲ, ಅಂದಾಜು. ಅಲ್ಲಿ ಕರಡಿಗಳನ್ನು ದೂರದಿಂದಲೇ ಲೇಸರ್‌ನಿಂದ ಸ್ಕ್ಯಾನ್ ಮಾಡಿ, ಮೈಯ ಗಾತ್ರದಿಂದ ತೂಕದ ಲೆಕ್ಕ ಹಾಕಿದ್ದಾರೆ. ಮತ್ತಿನ ಸೂಜಿ ಬೇಕಿಲ್ಲ, ಅದು ಒಳ್ಳೆಯದೇ. "ಅಂದಾಜು" ಸಾಲಿಗೆ ಹಾಕಿ.

ದಾವಣಗೆರೆ_ಬೆಣ್ಣೆ
ಫ್ಯಾಟ್ ಬೇರ್ ವೀಕ್‌ನಲ್ಲಿ ನಾವೂ ಓಟು ಹಾಕಬಹುದಾ?

ಜಪಾನ್_ಜಯಂತ
ಯಾರು ಬೇಕಾದರೂ, ಆನ್‌ಲೈನ್. 2014ರಿಂದ ನಡೀತಿದೆ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು ಬರುತ್ತೆ. ಜುಲೈ ಫೋಟೋ, ಸೆಪ್ಟೆಂಬರ್ ಫೋಟೋ ಪಕ್ಕಪಕ್ಕ ಹಾಕಿರ್ತಾರೆ. ಎಷ್ಟೋ ಜನ ಎರಡನೇ ಫೋಟೋ ಮಾತ್ರ ನೋಡಿ ಓಟು ಒತ್ತುತ್ತಾರೆ.